ಬಾಣದ ಸ್ಪೀಡು, ಜೋಳದ ಹಂದಿ ಮತ್ತು ನಮ್ಮ ಹುಡುಗರ ಲೆಕ್ಕ

ಈ ಸಲ ಗೊಬ್ಬರದ ವಿಷಯ ಅಲ್ಲ, ಅಡಿಕೆ ರೇಟಿನ ವಿಷಯವೂ ಅಲ್ಲ. ಬಿಲ್ಲು-ಬಾಣದ ವಿಷಯ. ನಗಬೇಡಿ ಮಾರಾಯ್ರೇ, ಪೂರ್ತಿ ಓದಿ.

ಜೋಳ ತೆನೆ ಕಟ್ಟೋ ಹೊತ್ತಿಗೆ ಸರಿಯಾಗಿ ಹಂದಿ ಕಾಟ ಶುರುವಾಗೋದು ಕಾಡಂಚಿನವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಹಿಂಡು ಒಂದು ರಾತ್ರಿ ನುಗ್ಗಿದ್ರೆ ಸಾಕು, ತಿಂದಿದ್ದಕ್ಕಿಂತ ಮುರಿದು ಮಲಗಿಸಿದ್ದೇ ಜಾಸ್ತಿ. ಹೊಸಮನೆಯಲ್ಲಿ ಮನೆ, ಉಂಬ್ಳೇಬೈಲು ಕಡೆ ಹೊಲ ಅಂತ ಇರೋ ನಮ್ಮ ಕೆಲವು ಹುಡುಗರು ಈ ವರ್ಷ ಇದಕ್ಕೊಂದು ಹೊಸ ದಾರಿ ಹುಡುಕಿದ್ದಾರೆ. ಅಮೆರಿಕದವರು ಮರದ ಬಿಲ್ಲಲ್ಲಿ ಹಂದಿ ಹೊಡೆಯೋ ವಿಡಿಯೋ ನೋಡಿ ಆನ್‌ಲೈನ್‌ನಲ್ಲಿ ಬಿಲ್ಲು ತರಿಸಿದ್ದಾರೆ. "ಅಣ್ಣ, ಕೋವಿಗೆ ಲೈಸೆನ್ಸ್ ಬೇಕು, ಹೊಡೆದ್ರೆ ಊರಿಗೆಲ್ಲ ಕೇಳುತ್ತೆ. ಇದಕ್ಕೆ ಎರಡೂ ತಾಪತ್ರಯ ಇಲ್ಲ. ಸೆಕೆಂಡಿಗೆ ಇನ್ನೂರು ಅಡಿ ಸ್ಪೀಡು. ಹಂದಿ ತಪ್ಪಿಸ್ಕೊಳ್ಳೋದು ಎಲ್ಲಿ?" ಅಂತ ಒಬ್ಬ ತಮ್ಮ ಕೇಳಿದ. ಎಲ್ಲರ ಬಾಯಲ್ಲೂ ಈ ಸ್ಪೀಡಿನದ್ದೇ ಮಾತು. ನಮ್ಮ ಬೈಕ್ ಮಾತಾಡೋ ಹಾಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬಿಲ್ಲುಗಾರಿಕೆ ಒಳ್ಳೇ ಆಟ, ಕಲೀರಿ. ಹಂದಿ ಮೇಲೆ ಮಾತ್ರ ಬಿಡಬೇಡಿ. ಕಾನೂನು ಇದೆ, ಅದಕ್ಕೆ ಆಮೇಲೆ ಬರ್ತೀನಿ. ಅದಕ್ಕೂ ಮೊದಲು ಈ ಸ್ಪೀಡಿನ ಲೆಕ್ಕವೇ ನಿಮ್ಮ ಪರ ಇಲ್ಲ.

ಬಾಯಿ ಮಾತು ಬೇಡ ಅಂತ ನಮ್ಮ ಕಣದಲ್ಲೇ ಅಳೆದು ನೋಡಿದ್ವಿ. ಬಿಲ್ಲು ಐವತ್ತು ಪೌಂಡಿಂದು, ಅಂದ್ರೆ ಪೂರ್ತಿ ಎಳೆದು ಹಿಡಿದಾಗ ಕೈಮೇಲೆ ಹತ್ರಹತ್ರ 23 ಕೆ.ಜಿ. ಭಾರ. ಈಗಿನ 45 ಕೆ.ಜಿ. ಯೂರಿಯಾ ಚೀಲದ ಅರ್ಧವನ್ನು ಮೂರು ಬೆರಳಲ್ಲಿ ಎಳೆದು ನಿಂತ ಹಾಗೆ. ಟೇಪ್ ಹಿಡಿದು 20 ಮೀಟರ್ ದೂರದಲ್ಲಿ ಹುಲ್ಲಿನ ಪೆಂಡಿ ಒಟ್ಟಿದ್ವಿ. ಅದರ ಮುಂದೆ ಬಾಳೆದಿಂಡು. ಪಕ್ಕದಿಂದ ಮೊಬೈಲಲ್ಲಿ ಸ್ಲೋಮೋಷನ್, ಸೆಕೆಂಡಿಗೆ 240 ಚಿತ್ರ. ಹೆದೆ ಬಿಟ್ಟ ಚಿತ್ರದಿಂದ ದಿಂಡಿಗೆ ತಗಲಿದ ಚಿತ್ರದವರೆಗೆ ಎಣಿಸಿದ್ರೆ ಆಯ್ತು. ಬೇರೆ ಯಂತ್ರ ಬೇಕಿಲ್ಲ.

ಬಾಣ ಎರಡು ನಮೂನೆ. ಒಂದು ಬಿದಿರಿನದ್ದು, ಕಬ್ಬಿಣದ ಅಲಗು ಕೂರಿಸಿದ್ದು, ತೂಕ 36 ಗ್ರಾಂ. ಇನ್ನೊಂದು ಬಿಲ್ಲಿನ ಜೊತೆ ಬಂದ ಕಾರ್ಬನ್ ಬಾಣ, 22 ಗ್ರಾಂ. ಬಿದಿರಿನದ್ದು 100 ಚಿತ್ರ ತಗೊಂಡಿತು, ಅಂದ್ರೆ ಸೆಕೆಂಡಿಗೆ 48 ಮೀಟರ್. ಕಾರ್ಬನ್‌ದು 84 ಚಿತ್ರ, ಸೆಕೆಂಡಿಗೆ 57 ಮೀಟರ್. ಅಡಿ ಲೆಕ್ಕದಲ್ಲಿ ಒಂದು 157, ಇನ್ನೊಂದು 187. ಇನ್ನೂರು ಮುಟ್ಟಲಿಲ್ಲ. ಆದ್ರೂ ಗಂಟೆಗೆ ಇನ್ನೂರು ಕಿಲೋಮೀಟರ್ ದಾಟಿದ ಬಾಣ ಅದು. ಹುಡುಗರು ಶಿಳ್ಳೆ ಹೊಡೆದ್ರು.

ಈಗ ಹಂದಿ ಕಡೆಯಿಂದ ನೋಡಿ. ಬಿಲ್ಲು "ಟಂಗ್" ಅಂದ ಶಬ್ದ ಸೆಕೆಂಡಿಗೆ 340 ಮೀಟರ್ ಓಡುತ್ತೆ. ಇಪ್ಪತ್ತು ಮೀಟರ್ ದೂರದ ಹಂದಿ ಕಿವಿಗೆ ಅದು ಮುಟ್ಟೋಕೆ 0.06 ಸೆಕೆಂಡ್ ಸಾಕು. ಬಿದಿರಿನ ಬಾಣ ಬರೋದು 0.42 ಸೆಕೆಂಡಿಗೆ. ಅಂದ್ರೆ ಶಬ್ದ ಕೇಳಿದ ಮೇಲೂ ಹಂದಿಗೆ 0.36 ಸೆಕೆಂಡ್ ಉಳೀತು. ಕಾರ್ಬನ್ ಬಾಣ ಬಿಟ್ರೆ 0.29 ಉಳಿಯುತ್ತೆ. ನೀವು ಸ್ಪೀಡು ಸ್ಪೀಡು ಅಂತ ಕುಣಿದಿದ್ದಕ್ಕೆ ಸಿಕ್ಕ ಲಾಭ ಸೆಕೆಂಡಿನ ನೂರರಲ್ಲಿ ಏಳು ಪಾಲು! ಗಾಲಿ ಕಟ್ಟಿದ ಕಾಂಪೌಂಡ್ ಬಿಲ್ಲು ತಂದು ಸೆಕೆಂಡಿಗೆ 90 ಮೀಟರ್ ಓಡಿಸಿದ್ರೂ 0.16 ಸೆಕೆಂಡ್ ಹಂದಿ ಕೈಲೇ ಇರುತ್ತೆ. ಅದೇ ಬಿದಿರಿನ ಬಾಣವನ್ನೇ ಹತ್ತು ಮೀಟರ್‌ನಿಂದ ಬಿಡಿ, ಉಳಿಯೋದು 0.18. ಹತ್ತು ಹೆಜ್ಜೆ ಹತ್ರ ಹೋಗೋದು ದುಬಾರಿ ಬಿಲ್ಲಿಗೆ ಸಮ ಅಂತಾಯ್ತು. ಕೋವಿಯ ಕಥೆ ಬೇರೆ. ಅದರ ಚರೆ ನಳಿಗೆಯಿಂದ ಹೊರಡುವಾಗ ಶಬ್ದಕ್ಕೆ ಸರಿಸಮ, ಇಲ್ಲಾ ಅದಕ್ಕಿಂತ ಮುಂದೆ. ಬಿಲ್ಲು ಕೋವಿಯ ತಮ್ಮ ಅಲ್ಲ. ಅದರ ಜಾತಿಯೇ ಬೇರೆ.

ಇನ್ನೊಂದು ಲೆಕ್ಕ, ಇದು ತೋಟದವರಿಗೆ ಬೇಗ ಅರ್ಥ ಆಗುತ್ತೆ. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನಲ್ಲಿ 20 ಮೀಟರ್ ಅಂದ್ರೆ ಏಳು ಮರ ದಾಟಿ ಎಂಟನೇದರ ಹತ್ರ. ಅಷ್ಟು ದೂರ ಹೋಗೋದ್ರೊಳಗೆ ನಮ್ಮ ಬಿದಿರಿನ ಬಾಣ 85 ಸೆಂಟಿಮೀಟರ್ ಕೆಳಗೆ ಇಳಿಯುತ್ತೆ. ಹಾಗಾಗಿ ಬಿಲ್ಲುಗಾರ ಮೇಲಕ್ಕೆ ಗುರಿ ಇಟ್ಟೇ ಬಿಡಬೇಕು. ಇಪ್ಪತ್ತು ಅಂದ್ಕೊಂಡಿದ್ದು ನಿಜವಾಗಿ ಇಪ್ಪತ್ತೈದು ಆಗಿದ್ರೆ, ಅಂದ್ರೆ ಬರೀ ಎರಡು ಮರದ ಲೆಕ್ಕ ತಪ್ಪಿದ್ರೆ, ಬಾಣ ಒಂದು ಗೇಣಿಗಿಂತ ಹೆಚ್ಚು ಕೆಳಗೆ ಬೀಳುತ್ತೆ. ಕಾರ್ಬನ್ ಬಾಣವಾದ್ರೆ ಮುಕ್ಕಾಲು ಗೇಣು. ಎದೆಗೆ ಇಟ್ಟ ಗುರಿ ಕಾಲಿಗೋ ಹೊಟ್ಟೆಯಡಿಗೋ ಹೋಯ್ತು. ಹಗಲು ಹೊತ್ತಲ್ಲಿ ಕಣದಲ್ಲಿ ನಿಂತು ದೂರ ಹೇಳಿ ಅಂದ್ರೆ ಐದು ಜನ ಐದು ಹೇಳಿದ್ರು. ರಾತ್ರಿ ಎರಡು ಗಂಟೆಗೆ, ಆಳೆತ್ತರದ ಜೋಳದೊಳಗೆ, ಟಾರ್ಚ್ ಬೆಳಕಲ್ಲಿ ಎರಡು ಮರದ ಲೆಕ್ಕ ತಪ್ಪಲ್ಲ ಅನ್ನೋರು ಕೈ ಎತ್ತಿ.

ಸ್ಪೀಡು ಜಾಸ್ತಿ ಇದ್ರೆ ಪೆಟ್ಟು ಜಾಸ್ತಿ ಅನ್ನೋದು ಎರಡನೇ ನಂಬಿಕೆ. ದಿಂಡು ಏನು ಹೇಳ್ತು ಗೊತ್ತಾ? ನಿಧಾನದ ಬಿದಿರಿನ ಬಾಣವೇ ಆಳಕ್ಕೆ ಹೋಗಿತ್ತು. ಅಲಗಿನ ಚೂಪಿಗೂ ಅದರಲ್ಲಿ ಪಾಲಿದೆ, ಆದ್ರೆ ತೂಕದ ಲೆಕ್ಕವೂ ಅದನ್ನೇ ಹೇಳುತ್ತೆ. ತೂಕ, ವೇಗ ಎರಡನ್ನೂ ಸೇರಿಸಿ ಗುಣಿಸಿದ್ರೆ ಬಿದಿರಿನದ್ದು ಸುಮಾರು 41 ಜೌಲ್, ಕಾರ್ಬನ್‌ದು 36. ನಾವು ಎಳೆದು ಬಿಲ್ಲಿಗೆ ತುಂಬಿದ ಶಕ್ತಿ ಪೂರ್ತಿ ಬಾಣಕ್ಕೆ ಹೋಗಲ್ಲ. ಒಂದು ಪಾಲು ಬಿಲ್ಲಿನ ತೋಳುಗಳನ್ನ, ಹೆದೆಯನ್ನ ಮುಂದಕ್ಕೆ ಓಡಿಸೋಕೆ ಖರ್ಚಾಗುತ್ತೆ. ಬಾಣ ಹಗುರ ಆದಷ್ಟೂ ಆ ಪಾಲು ಬಿಲ್ಲಲ್ಲೇ ಉಳಿದು ನಡುಗುತ್ತೆ. ಖಾಲಿ ಟ್ರೈಲರ್ ರೋಡಲ್ಲಿ ಹೇಗೆ ಕುಣಿಯುತ್ತೆ, ಗಡಗಡ ಅನ್ನುತ್ತೆ? ಹಾಗೆಯೇ. ಹಗುರ ಬಾಣಕ್ಕೆ ಸದ್ದೂ ಜಾಸ್ತಿ, ಬಿಲ್ಲಿಗೆ ಪೆಟ್ಟೂ ಜಾಸ್ತಿ. ಬಾಣವೇ ಇಲ್ಲದೆ ಹೆದೆ ಎಳೆದು ಬಿಟ್ರಂತೂ ಬಿಲ್ಲು ಸೀಳಿಹೋಗಬಹುದು. ಮಕ್ಕಳ ಕೈಗೆ ಕೊಡೋ ಮುಂಚೆ ಇದನ್ನ ಹೇಳಿಕೊಡಿ.

ಭಾರದ ಬಾಣ ಹಾಕಿದ್ರೆ ಸರಿಹೋಯ್ತಾ? ಇಲ್ಲ. ಗುಂಡಿನ ಹಾಗೆ ಬಾಣಕ್ಕೆ ಬಡಿದು ಕೆಡವೋ ಶಕ್ತಿ ಇಲ್ಲ. ಅದು ಕುಯ್ದು ರಕ್ತ ಹರಿಸಿ ಕೊಲ್ಲೋದು. ಶ್ವಾಸಕೋಶಕ್ಕೆ ಸರಿಯಾಗಿ ತಗಲಿದ್ರೂ ಪ್ರಾಣಿ ಓಡಿಹೋಗಿಯೇ ಬೀಳೋದು. ದೊಡ್ಡ ಗಂಡು ಹಂದಿಗೆ ಭುಜದ ಮೇಲೆ ಗುರಾಣಿ ಥರ ದಪ್ಪ ಚರ್ಮದ ಪದರ ಬೇರೆ ಇರುತ್ತೆ, ಗಂಡುಗಂಡು ಕೋರೆಯಲ್ಲಿ ಕಾದಾಡೋಕೆ ಅಂತ ಪ್ರಕೃತಿ ಕೊಟ್ಟಿದ್ದು. ಅದರ ಮೇಲೆ ಓರೆಯಾಗಿ ಬಿದ್ದ ಬಾಣ ಗಾಯ ಮಾಡಿ ನಿಲ್ಲುತ್ತೆ ಅಷ್ಟೇ.

ಹಿಂದಿನವರು ಹೊಡೀತಿರಲಿಲ್ವಾ ಅಂತ ಕೇಳ್ತೀರಿ. ಹೊಡೀತಿದ್ರು. ಹೇಗೆ ಅಂತ ನೋಡಿ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ ಶಾಸನ ಇದೆ, ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು "ಕಾಳಿ" ಅನ್ನೋ ಬೇಟೆನಾಯಿಯನ್ನ. ಆ ನಾಯಿಯನ್ನ ದೊಡ್ಡ ಹಂದಿ ಮೇಲೆ ಬಿಟ್ರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಗೆ ಅಂತ ಕಲ್ಲು ನೆಟ್ಟು ಜಮೀನು ಬಿಟ್ರು. ಕಲ್ಲಿನ ಮೇಲೆ ಹಂದಿ-ನಾಯಿ ಮುಖಾಮುಖಿ ಕಾದಾಡೋ ಚಿತ್ರವೂ ಇದೆ. ಯುದ್ಧ ಮಾಡಿ ಪಳಗಿದ ರಾಜರ ಕಾಲದಲ್ಲಿ, ಬಿಲ್ಲುಗಾರರಿಗೇನೂ ಬರ ಇಲ್ಲದಾಗ, ಹಂದಿ ಜೊತೆ ಲೆಕ್ಕ ತೀರಿಸಿದ್ದು ಹತ್ತಿರದಿಂದ, ಪ್ರಾಣ ಕೊಟ್ಟು. ನಮ್ಮ ಮಲೆನಾಡಿನ ಬೇಟೆಯಲ್ಲೂ ಸೋವು ಅಂದ್ರೆ ಊರಿನ ಜನ, ನಾಯಿ, ಕೂಗಾಟ ಎಲ್ಲ ಸೇರಿ ಪ್ರಾಣಿಯನ್ನ ಅಟ್ಟಿ ತರೋದು. ಒಬ್ಬ ಮರದ ಮೇಲೆ ಕೂತು ಬಾಣ ಬಿಡೋ ವ್ಯವಹಾರ ಅಲ್ಲ ಅದು.

ಯಕ್ಷಗಾನದ ಕಿರಾತಾರ್ಜುನ ನೋಡಿದವರಿಗೆ ನೆನಪಿರಬಹುದು, ಶಿವನಿಗೂ ಅರ್ಜುನನಿಗೂ ಜಗಳ ಹತ್ತಿದ್ದೇ ಹಂದಿ ಬಿದ್ದಿದ್ದು ಯಾರ ಬಾಣಕ್ಕೆ ಅಂತ. ಗಾಂಡೀವ ಹಿಡಿದವನಿಗೇ ಕೇಸು ಅಂಟಿಕೊಂಡಿತು. ಬಿಡಿ, ಅದು ತಮಾಷೆಗೆ.

ಬಿಲ್ಲು ಸಾಕೋದರ ಬಗ್ಗೆಯೂ ಒಂದು ಮಾತು. ಬಿದಿರು ಆಗಲಿ, ದಡಸಲು ಮರ ಆಗಲಿ, ಬಿಲ್ಲಿಗೆ ಚೆನ್ನಾಗಿ ಒಣಗಿರಬೇಕು. ದಡಸಲಿನ ಗುಣ ನಮಗೆ ಹೊಸದಲ್ಲ, ಬಗ್ಗಿದ್ರೂ ಮುರಿಯಲ್ಲ ಅಂತಲೇ ಕೊಡಲಿ ಕಾವಿಗೆ ಹುಡುಕ್ತಿದ್ದಿದ್ದು. ಆದ್ರೆ ನಮ್ಮ ಮಳೆಗಾಲದ ಗಾಳಿಯಲ್ಲಿ ಮರ ತೇವ ಕುಡಿದು ಮೆತ್ತಗಾಗುತ್ತೆ, ನಾರಿನ ಹೆದೆ ನೆನೆದು ಭಾರ ಆಗುತ್ತೆ, ಗರಿ ಮುದುಡಿ ಬಾಣ ಅಡ್ಡಾದಿಡ್ಡಿ ಹೋಗುತ್ತೆ. ಹೆದೆ ಏರಿಸಿಯೇ ಇಟ್ಟ ಬಿಲ್ಲು ಬಗ್ಗಿದ ಹಾಗೇ ಉಳಿದು ಸೋಲುತ್ತೆ, ವೇಗ ಕಳ್ಕೊಳ್ಳುತ್ತೆ. ಜೋಳಕ್ಕೆ ಹಂದಿ ಬರೋದು ಯಾವಾಗ? ಸರಿಯಾಗಿ ಆ ಮಳೆ ದಿನಗಳಲ್ಲೇ. ವಿಡಿಯೋದಲ್ಲಿ ತೋರಿಸೋದು ಒಣ ಹವೆ, ಹಗಲು ಬೆಳಕು.

ಉರುಳು ಹಾಕೋದು, ಬೇಲಿಗೆ ಲೈನಿನಿಂದ ನೇರ ಕರೆಂಟ್ ಕೊಡೋದು, ಇದಕ್ಕಿಂತ ಬಾಣ ವಾಸಿ ಅಲ್ವಾ ಅಂತ ಇನ್ನೊಬ್ಬರು ವಾದ ಮಾಡಿದ್ರು. ಕರೆಂಟ್ ಬೇಲಿ ಆನೆಯನ್ನೂ ಕೊಲ್ಲುತ್ತೆ, ಬೆಳಗ್ಗೆ ನೀರು ತಿರುಗಿಸೋಕೆ ಹೋದ ಮನೆಯವನನ್ನೂ ಕೊಲ್ಲುತ್ತೆ, ಅದನ್ನ ನಾನು ಯಾವತ್ತೂ ಒಪ್ಪಿಲ್ಲ. ಆದ್ರೆ ಕೆಟ್ಟದ್ದು ಎರಡು ಇದ್ರೆ ಒಂದು ಒಳ್ಳೇದಾಗಲ್ಲ. ಬಾಣ ನೆಟ್ಟ ಹಂದಿ ಲಂಟಾನದ ಪೊದೆ ಸೇರುತ್ತೆ. ರಾತ್ರಿ ಅದರ ಹಿಂದೆ ಹೋಗೋ ಧೈರ್ಯ ಯಾರಿಗೂ ಇರಲ್ಲ, ಇರಲೂಬಾರದು. ಮಾರನೇ ದಿನ ಬೆಳಗ್ಗೆ ಆ ಪೊದೆ ಪಕ್ಕ ಹುಲ್ಲು ಕುಯ್ಯೋಕೆ ಹೋಗೋರು ಯಾರು? ನಿಮ್ಮ ಅಮ್ಮ, ನಿಮ್ಮ ಅತ್ತಿಗೆ, ಕೂಲಿಗೆ ಬಂದ ಅಕ್ಕ. ಗಾಯಗೊಂಡ ಒಂಟಿಗ ಏನು ಮಾಡುತ್ತೆ ಅಂತ ಅವರಿಗೆ ಹೇಳಿ ಕಳಿಸ್ತೀರಾ? ನನಗೆ ಈ ಇಡೀ ವಿಷಯದಲ್ಲಿ ಸಿಟ್ಟು ಬರೋದು ಇಲ್ಲೇ. ಬಾಣ ಬಿಟ್ಟವನು ಮನೇಲಿ ಮಲಗಿರ್ತಾನೆ.

ಈಗ ಕಾನೂನು. 1972ರ ವನ್ಯಜೀವಿ ಕಾಯ್ದೆ ನೋಡೋದು ಪ್ರಾಣಿಯನ್ನ, ನಿಮ್ಮ ಕೈಲಿರೋ ಆಯುಧವನ್ನಲ್ಲ. ಬಿಲ್ಲಿಗೆ ಲೈಸೆನ್ಸ್ ಬೇಡ ಅನ್ನೋದು ಇಲ್ಲಿ ಯಾವ ಉಪಯೋಗಕ್ಕೂ ಬರಲ್ಲ. ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ, ಗಾಯ ಮಾಡೋದು, ಅದಕ್ಕೆ ಪ್ರಯತ್ನ ಪಡೋದೂ ಬೇಟೆಯೇ ಅಂತ ಕಾಯ್ದೆಯಲ್ಲೇ ಬರೆದಿದೆ. ತಪ್ಪಿದ ಬಾಣಕ್ಕೂ ಕೇಸು ಆಗುತ್ತೆ. 2022ರ ತಿದ್ದುಪಡಿ ಆದ ಮೇಲೆ ಕಾಡುಹಂದಿ ಎರಡನೇ ಶೆಡ್ಯೂಲಿನಲ್ಲಿದೆ. ಅದೇ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತೂ ಇದೆ: ಅಂಥ ಪ್ರಾಣಿ ಜನರಿಗೆ, ಇಲ್ಲಾ ಆಸ್ತಿಗೆ ಅಪಾಯ ಆದ್ರೆ ಅಧಿಕಾರಿ ಲಿಖಿತ ಅನುಮತಿ ಕೊಟ್ಟು ಹೊಡೆಸಬಹುದು. ಆಸ್ತಿ ಅನ್ನೋದ್ರಲ್ಲಿ ಹೊಲದಲ್ಲಿ ನಿಂತ ಬೆಳೆಯೂ ಸೇರಿದೆ. ಕೇರಳದಲ್ಲಿ 2022ರಲ್ಲಿ ಈ ಅಧಿಕಾರವನ್ನ ಪಂಚಾಯ್ತಿ ಅಧ್ಯಕ್ಷರ ಮಟ್ಟಕ್ಕೆ ತಂದ್ರು. ಅನುಮತಿ ಪಡೆದೋರು, ಕೋವಿ ಗೊತ್ತಿರೋರು, ಗೊತ್ತಾದ ಜಾಗದಲ್ಲಿ ಹೊಡೀತಾರೆ. ನಾವು ಕೇಳಬೇಕಾದ್ದು ಅಂಥದ್ದನ್ನ, ನಮ್ಮ ಪಂಚಾಯ್ತಿಗಳಿಂದ ಒಟ್ಟಾಗಿ ಬರೆದುಕೊಟ್ಟು. ಇಪ್ಪತ್ತು ವರ್ಷದ ಹುಡುಗನ ಹೆಸರಲ್ಲಿ ಕೇಸು ಬಿದ್ರೆ ಆಮೇಲೆ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕೋವಾಗ ಗೊತ್ತಾಗುತ್ತೆ ಅದರ ಬೆಲೆ.

ಅಲ್ಲಿವರೆಗೆ ಹಾಳಾದ ಬೆಳೆ ಫೋಟೋ ಅದೇ ದಿನ ತೆಗೆದು ಇ-ಪರಿಹಾರಕ್ಕೆ ಅರ್ಜಿ ಹಾಕಿ. ಬರೋದು ಕಮ್ಮಿ ಅಂತ ಬಿಡಬೇಡಿ, ಅರ್ಜಿ ಇಲ್ಲದಿದ್ರೆ ನಮ್ಮ ಕಡೆ ಹಂದಿ ಕಾಟವೇ ಇಲ್ಲ ಅಂತ ದಾಖಲೆ ಆಗುತ್ತೆ. ಅಕ್ಕಪಕ್ಕದ ಮೂರ್ನಾಲ್ಕು ಹೊಲದವರು ಸೇರಿ ಒಂದೇ ಸೋಲಾರ್ ಬೇಲಿ ಎಳೆದ್ರೆ ಒಬ್ಬೊಬ್ಬರಿಗೆ ಬೀಳೋ ಖರ್ಚು ಕಮ್ಮಿ. ಬೇಲಿ ಕೆಳಗಿನ ಹುಲ್ಲು ಸವರೋದು ಮಾತ್ರ ಮರೀಬೇಡಿ, ಕೆಳಗಿನ ತಂತಿಗೆ ಹುಲ್ಲು ತಾಗಿದ್ರೆ ಶಾಕ್ ನೆಲಕ್ಕೆ ಹೋಗುತ್ತೆ. ಮಾಳದ ಕಾವಲಿಗೆ ಪಾಳಿ ಹಾಕೋಣ, ಈ ತಿಂಗಳು ನಮ್ಮ ಸಾಲಿನಲ್ಲಿ ಆರು ಮನೆ ಒಪ್ಪಿದೆ.

ಬಿಲ್ಲು ತರಿಸಿದ ಹುಡುಗರ ದುಡ್ಡು ದಂಡ ಆಗಬೇಕು ಅಂತ ನನಗಿಲ್ಲ. ರಾಜಸ್ಥಾನದ ಲಿಂಬಾರಾಮ್ ಬಿದಿರು ಬಿಲ್ಲಿಂದಲೇ ಶುರು ಮಾಡಿ 1988, 1992, 1996 ಮೂರು ಒಲಿಂಪಿಕ್ಸ್‌ಗೆ ಹೋದವರು. ಭಾನುವಾರ ಮಧ್ಯಾಹ್ನ ನಮ್ಮ ಕಣಕ್ಕೆ ಬನ್ನಿ, ಪೆಂಡಿ ಅಲ್ಲೇ ಒಟ್ಟಿದೆ. ಅಲಗು ಬೇಡ, ಮೊಂಡು ತುದಿಯ ಬಾಣ ಸಾಕು. ಪೆಂಡಿ ಹಿಂದಿನ ಬೇಲಿಸಾಲಿಗೆ ಅವತ್ತು ಯಾರೂ ದನ ಕಟ್ಟಬೇಡಿ.