ಮಡಕೆ ಒಡೆದವನಿಗೆ ಅಂಗಡಿ ಬರೆದುಕೊಡಬೇಕಾ?

ಒಂದು ದೇಶದೊಳಗೆ ನುಗ್ಗಿದ ಸೇನೆ ಅಲ್ಲಿಂದ ಯಾವಾಗ ಹೊರಡಬೇಕು? ಈ ಪ್ರಶ್ನೆ ಎದ್ದಾಗಲೆಲ್ಲ ಒಂದು ಉತ್ತರ ರೆಡಿಯಾಗಿರುತ್ತದೆ: ‘ಯುದ್ಧ ತಪ್ಪೇ ಇರಬಹುದು, ಆದ್ರೆ ಈಗ ಬಿಟ್ಟು ಹೋದರೆ ರಕ್ತಪಾತ ಆಗುತ್ತೆ.’ ಯುದ್ಧವನ್ನು ವಿರೋಧಿಸಿದ ಎಷ್ಟೋ ಮಂದಿ ಕೂಡ ಇದನ್ನೇ ಹೇಳುತ್ತಾರೆ. ಕೇಳೋಕೆ ಜವಾಬ್ದಾರಿಯ ಮಾತು. ಇರಾಕ್ ಈ ಮಾತಿನ ದೊಡ್ಡ ಪರೀಕ್ಷೆಯಾಗಿತ್ತು. ಅಲ್ಲಿ ಏನಾಯ್ತು ಅಂತ ನೋಡೋಣ.

2003ರ ಮಾರ್ಚ್ 20ರಂದು ಅಮೆರಿಕ, ಬ್ರಿಟನ್ ದಾಳಿ ಶುರು ಮಾಡಿದವು. ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ದಾಳಿಗೆ ಕಾರಣ ಎಂದು ಹೇಳಿದ್ದ ವಿನಾಶಕಾರಿ ಅಸ್ತ್ರಗಳು ಸಿಗಲೇ ಇಲ್ಲ. ಯುದ್ಧಕ್ಕೂ ಮೊದಲೇ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಅಧ್ಯಕ್ಷ ಬುಷ್‌ಗೆ, ಒಡೆದರೆ ಅದರ ಹೊಣೆ ನಮ್ಮ ಮೇಲೇ ಬೀಳುತ್ತೆ ಎಂಬರ್ಥದ ಎಚ್ಚರಿಕೆ ಕೊಟ್ಟಿದ್ದರು. ಸೇನೆ ಅಲ್ಲೇ ಇರಬೇಕು ಎನ್ನುವವರು ಆಮೇಲೆ ಇದನ್ನೇ ತಮ್ಮ ವಾದ ಮಾಡಿಕೊಂಡರು. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ. ಸಂತೆಯಲ್ಲಿ ಮಡಕೆ ಒಡೆದವನು ದುಡ್ಡು ಕೊಡಬೇಕು, ಸರಿ. ಅದಕ್ಕೋಸ್ಕರ ಅಂಗಡಿಯಲ್ಲೇ ಸಂಸಾರ ಹೂಡಿ, ಗಲ್ಲಾಪೆಟ್ಟಿಗೆ ಮೇಲೆ ಕೂರೋಕಾಗುತ್ತಾ?

ಅಮೆರಿಕ ಕೂತಿದ್ದು ಹಾಗೆಯೇ. 2003ರ ಮೇ ತಿಂಗಳಲ್ಲಿ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಒಂದೇ ವಾರದ ಅಂತರದಲ್ಲಿ ಎರಡು ಆದೇಶ ಹೊರಡಿಸಿದರು. ಮೊದಲನೆಯದು ಬಾತ್ ಪಕ್ಷದ ಮೇಲ್ಸ್ತರದ ಸದಸ್ಯರನ್ನು ಸರ್ಕಾರಿ ನೌಕರಿಯಿಂದ ಕಿತ್ತುಹಾಕಿತು. ಎರಡನೆಯದು ಇರಾಕಿ ಸೇನೆಯನ್ನೇ ವಿಸರ್ಜಿಸಿತು. ಕೈಯಲ್ಲಿ ಬಂದೂಕಿದ್ದ ಲಕ್ಷಾಂತರ ಗಂಡಸರು ಸಂಬಳವಿಲ್ಲದೆ ಬೀದಿಗೆ ಬಿದ್ದರು. 2006ರ ಫೆಬ್ರುವರಿಯಲ್ಲಿ ಸಮಾರಾದ ಅಲ್-ಅಸ್ಕರಿ ಮಸೀದಿ ಸ್ಫೋಟವಾದ ಮೇಲೆ ಶಿಯಾ–ಸುನ್ನಿ ಹತ್ಯಾಕಾಂಡ ಭುಗಿಲೆದ್ದಿತು. ಆಗ ಇರಾಕ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಅಂದರೆ, ಸೇನೆ ಹೋದರೆ ಆಗುತ್ತೆ ಎಂದು ಹೆದರಿಸಿದ್ದ ರಕ್ತಪಾತ ಸೇನೆ ಇದ್ದಾಗಲೇ ಆಯ್ತು.

ಇನ್ನು ಕಾನೂನಿನ ಕಥೆ. 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಬ್ಲ್ಯಾಕ್‌ವಾಟರ್ ಕಂಪನಿಯ ಕಾವಲುಗಾರರು 17 ನಾಗರಿಕರನ್ನು ಗುಂಡಿಟ್ಟು ಕೊಂದರು. ಬ್ರೆಮರ್ ಹೊರಡಿಸಿದ್ದ ಇನ್ನೊಂದು ಆದೇಶ ಇಂಥ ಗುತ್ತಿಗೆದಾರರಿಗೆ ಇರಾಕಿ ಕಾನೂನಿನಿಂದ ರಕ್ಷಣೆ ಕೊಟ್ಟಿತ್ತು. ನಾಲ್ವರಿಗೆ ಅಮೆರಿಕದ ಕೋರ್ಟಿನಲ್ಲಿ ಶಿಕ್ಷೆಯಾಯಿತು. 2020ರ ಡಿಸೆಂಬರ್‌ನಲ್ಲಿ ಟ್ರಂಪ್ ಅವರಿಗೆ ಕ್ಷಮಾದಾನ ಕೊಟ್ಟರು.

ಈಗ ಎದುರಿನ ವಾದದ ಗಟ್ಟಿ ಭಾಗಕ್ಕೆ ಬರೋಣ. 2011ರ ಡಿಸೆಂಬರ್‌ನಲ್ಲಿ ಅಮೆರಿಕ ಹೊರಟಿತು, 2014ರ ಜೂನ್‌ನಲ್ಲಿ ಮೊಸುಲ್ ಐಸಿಸ್ ಕೈಗೆ ಬಿತ್ತು. ‘ನೋಡಿ, ಹೋಗಬಾರದಿತ್ತು’ ಎನ್ನುವುದು ಸುಲಭ. ಆದರೆ ಐಸಿಸ್ ಎಲ್ಲಿಂದ ಬಂತು? ಅದರ ನಾಯಕ ಬಗ್ದಾದಿ 2004ರಲ್ಲಿ ಅಮೆರಿಕದ ಬುಕ್ಕಾ ಬಂಧನ ಶಿಬಿರದಲ್ಲಿದ್ದವನು. ಅದರ ಸೇನಾ ನಾಯಕತ್ವದಲ್ಲಿ ಸದ್ದಾಂ ಕಾಲದ ಅಧಿಕಾರಿಗಳಿದ್ದರು. ಸುನ್ನಿಗಳನ್ನು ಮೂಲೆಗೆ ತಳ್ಳಿದ ಪ್ರಧಾನಿ ಮಾಲಿಕಿ ಅಧಿಕಾರಕ್ಕೆ ಬಂದಿದ್ದು 2006ರಲ್ಲಿ, ಅಮೆರಿಕದ ಸೇನೆ ಅಲ್ಲಿದ್ದಾಗಲೇ. ಅಮೆರಿಕ ತರಬೇತಿ ಕೊಟ್ಟು ಕಟ್ಟಿದ ಸೇನೆಯ ಪಟ್ಟಿಯಲ್ಲಿ 50,000 ‘ಭೂತ ಸೈನಿಕರು’ ಇದ್ದಾರೆ, ಹೆಸರಿದೆ, ಸಂಬಳವಿದೆ, ಮನುಷ್ಯನಿಲ್ಲ ಎಂದು ಮುಂದಿನ ಪ್ರಧಾನಿ ಅಬಾದಿ 2014ರಲ್ಲಿ ಹೇಳಿದರು. ಎಂಟು ವರ್ಷ ಕೂತು ಕಟ್ಟಿದ್ದು ಇದನ್ನಾದರೆ, ಇನ್ನೆಂಟು ವರ್ಷ ಕೂತಿದ್ದರೆ ಬೇರೆ ಏನೋ ಆಗುತ್ತಿತ್ತು ಅಂತ ನಂಬೋಕೆ ಕಾರಣ ಏನಿದೆ?

ಹಾಗಂತ ಎದ್ದು ಹೊರಟರೆ ಮುಗೀತಾ? ಅದೂ ಅಲ್ಲ. ಅಫ್ಘಾನಿಸ್ತಾನ ನೋಡಿ. 2020ರ ಫೆಬ್ರುವರಿಯಲ್ಲಿ ದೋಹಾದಲ್ಲಿ ಅಮೆರಿಕ ತಾಲಿಬಾನ್ ಜೊತೆ ಒಪ್ಪಂದ ಮಾಡಿಕೊಂಡಾಗ ಅಫ್ಘನ್ ಸರ್ಕಾರ ಮೇಜಿನ ಮುಂದೆ ಇರಲಿಲ್ಲ. 2021ರ ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು. ಅಮೆರಿಕನ್ ಸೇನೆಗೆ ದುಭಾಷಿಗಳಾಗಿದ್ದ ಸಾವಿರಾರು ಜನ ಅಲ್ಲೇ ಉಳಿದರು. ಅಮೆರಿಕದಲ್ಲಿದ್ದ ಅಫ್ಘನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ಕೂಡ ಸ್ತಂಭನವಾಯಿತು. ಸೇನೆ ಹೋಗಿದ್ದು ಸರಿ. ಸೇನೆಯ ಜೊತೆ ಹೊಣೆಯನ್ನೂ ಕಟ್ಟಿಕೊಂಡು ಹೋಗಿದ್ದು ತಪ್ಪು.

ನಮ್ಮ ಇತಿಹಾಸದಲ್ಲೂ ಎರಡು ಪಾಠಗಳಿವೆ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. 1972ರ ಮಾರ್ಚ್ ಮಧ್ಯದ ಹೊತ್ತಿಗೆ ಭಾರತದ ಸೇನೆ ಅಲ್ಲಿಂದ ಹೊರಟಾಗಿತ್ತು. 1987ರಲ್ಲಿ ಒಪ್ಪಂದದ ಮೇಲೆಯೇ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿಯಿತು. ಅಧ್ಯಕ್ಷ ಪ್ರೇಮದಾಸ ಹೊರಡಿ ಎಂದ ಮೇಲೂ ತಿಂಗಳುಗಟ್ಟಲೆ ಉಳಿದು, 1990ರ ಮಾರ್ಚ್‌ನಲ್ಲಿ ವಾಪಸಾಯಿತು. ಸುಮಾರು 1,200 ಭಾರತೀಯ ಸೈನಿಕರು ಸತ್ತರು, ತಮಿಳು ನಾಗರಿಕರ ಸಾವುಗಳ ಗಾಯ ಇನ್ನೂ ಮಾಸಿಲ್ಲ. 2003ರ ಜುಲೈನಲ್ಲಿ ಇರಾಕ್‌ಗೆ ಪಡೆ ಕಳಿಸಿ ಎಂದು ಅಮೆರಿಕ ಕೇಳಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗಲ್ಲ ಎಂದಿತು ವಾಜಪೇಯಿ ಸರ್ಕಾರ. ಒಳ್ಳೆಯ ತೀರ್ಮಾನ ಅದು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ನಿಲುವು ಇದು: ಸೇನೆ ಹೊರಡಬೇಕು, ಹೊರಡುವ ದಿನಾಂಕ ಮೊದಲೇ ಗೊತ್ತಿರಬೇಕು, ಅದನ್ನು ಆ ನೆಲದ ಚುನಾಯಿತ ಸಂಸತ್ತು ತೀರ್ಮಾನಿಸಬೇಕು. ಅದು ಸಲೀಸಲ್ಲ, ಗೊತ್ತು. 2020ರ ಜನವರಿಯಲ್ಲಿ ಸುಲೈಮಾನಿ ಹತ್ಯೆಯಾದ ಮೇಲೆ ವಿದೇಶಿ ಸೇನೆ ಹೊರಹೋಗಲಿ ಎಂದು ಇರಾಕಿ ಸಂಸತ್ತು ನಿರ್ಣಯ ಮಾಡಿದಾಗ ಹೆಚ್ಚಿನ ಕುರ್ದ್ ಮತ್ತು ಸುನ್ನಿ ಸದಸ್ಯರು ಸದನಕ್ಕೆ ಬಂದಿರಲಿಲ್ಲ. ಆ ಭಯ ನಿಜವಾದದ್ದು. ಆದರೆ ಅದನ್ನು ಬಗೆಹರಿಸಬೇಕಾದವರು ಇರಾಕಿಗಳು. ಟ್ರಂಪ್ ಕೊಟ್ಟ ಉತ್ತರ ಮಾತ್ರ ನಿರ್ಬಂಧ ಹೇರುತ್ತೇವೆ, ವಾಯುನೆಲೆಯ ಖರ್ಚು ಕೊಡಿ ಎಂಬ ಬೆದರಿಕೆ. ಒಡೆದವನೇ ಬಿಲ್ ಕೇಳಿದ ಹಾಗೆ!

ಆದ್ದರಿಂದ ಮುಂದೆ ಯಾವ ದೇಶದ ಬಗ್ಗೆಯೇ ಆಗಲಿ, ‘ಇನ್ನು ಸ್ವಲ್ಪ ದಿನ ಇರಬೇಕಾಗುತ್ತೆ’ ಅಂತ ಯಾರಾದರೂ ಟಿವಿಯಲ್ಲಿ ಹೇಳಿದರೆ ಮೂರು ಪ್ರಶ್ನೆ ಕೇಳಿ. ಎಷ್ಟು ದಿನ? ಅಲ್ಲಿನ ಜನರನ್ನು ಕೇಳಿದ್ದೀರಾ? ಸೈನಿಕ ತಪ್ಪು ಮಾಡಿದರೆ ಯಾವ ಕೋರ್ಟು? ಮೂರಕ್ಕೂ ಉತ್ತರ ಇಲ್ಲದಿದ್ದರೆ, ಅವರು ಮಾತಾಡ್ತಿರೋದು ರಕ್ಷಣೆ ಬಗ್ಗೆ ಅಲ್ಲ, ಆಕ್ರಮಣ ಮುಂದುವರಿಸುವ ಬಗ್ಗೆ.