ಎಂಜಿನು ಬಿಚ್ಚುವುದು ನಮಗೆ ಸಲ್ಲದ ಕೆಲಸವೇ?



ನಮ್ಮ ನಾಲ್ವರು ಸಂಗಾತಿಗಳು ಚಾಳಿನ ಅಂಗಳದಲ್ಲೇ ತಮ್ಮ ಟ್ರಕ್ಕಿನ ಎಂಜಿನು ಬಿಚ್ಚಿ ಟೈಮಿಂಗ್ ಚೈನು ಬದಲಾಯಿಸಿದರೆಂಬ ಸುದ್ದಿ ಹಬ್ಬಿದಂದಿನಿಂದ ಕೆಲವರಿಗೆ ನಗೆಯೋ ನಗೆ. "ದೋಸೆ ಹುಯ್ಯುವ ಕೈಗೆ ಪಾನಾ ಏಕೆ?" ಎಂದು ಕೇಳಿದವರು ಹೊರಗಿನವರಲ್ಲ, ನಮ್ಮ ಭಾಷೆಯವರೇ, ಸಂಘಕ್ಕೆ ಚಂದಾ ಕೊಡುವವರೇ. ಆದುದರಿಂದ ಉತ್ತರ ಕೊಡಲೇಬೇಕಾಗಿದೆ.

ಮೊದಲು ಸಂಗತಿ ಕೇಳಿರಿ. ಈ ನಾಲ್ವರೂ ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆದು ಮೇಲೆ ಬಂದವರು. ಕೂಡಿಟ್ಟ ಹಣ ಸೇರಿಸಿ ಹಳೆಯದೊಂದು ಸಣ್ಣ ಪೆಟ್ರೋಲ್ ಟ್ರಕ್ಕು ಕೊಂಡು ವಾಶಿ ಮಾರ್ಕೆಟಿನಿಂದ ಹೋಟೆಲುಗಳಿಗೆ ತರಕಾರಿ ಸಾಗಿಸುತ್ತಾರೆ. ಬೆಳಗಿನ ಜಾವ ಗಾಡಿ ಚಾಲೂ ಮಾಡಿದರೆ ಎಂಜಿನಿನ ಮುಂಭಾಗದಲ್ಲಿ ಡಬ್ಬಿಯೊಳಗೆ ಮೊಳೆ ಕುಲುಕಿದಂಥ ಸದ್ದು. ವರ್ಕ್‌ಶಾಪಿಗೆ ಒಯ್ದರೆ ಚೈನು ಸವೆದಿದೆ ಎಂದರು. ಅವರು ಹೇಳಿದ ಮೊತ್ತ ನಾಲ್ವರ ಒಂದು ತಿಂಗಳ ಗಳಿಕೆಯನ್ನೂ ಮೀರಿತ್ತು. "ಸಾಮಾನು ಕೊಡಿ, ನಾವೇ ಹಾಕಿಕೊಳ್ಳುತ್ತೇವೆ" ಎಂದರೆ, "ಸಾಮಾನು ಹಾಗೆ ಮಾರುವುದಿಲ್ಲ, ಇದು ನಿಮ್ಮಂಥವರ ಕೆಲಸವೂ ಅಲ್ಲ" ಎಂಬ ಜವಾಬು.

ನಿಮ್ಮಂಥವರ! ಈ ಒಂದು ಮಾತಿಗಾಗಿಯೇ ನಾವು ಇದನ್ನು ಬರೆಯುತ್ತಿರುವುದು.

ಚೈನೆಂಬುದು ಏನು ಮಂತ್ರವಿದ್ಯೆಯೇ? ಕೆಳಗಿನ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಮೇಲಿನ ಕ್ಯಾಮು ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಕಟ್ಟಿ ನಡೆಸುವುದೇ ಚೈನು. ಪಿನ್ನುಗಳು ಸವೆದಂತೆ ಅದು ಉದ್ದವಾಗುತ್ತದೆ. ಬಿಗಿ ಹಿಡಿಯುವ ಟೆನ್ಷನರು ಇಂಥ ಎಂಜಿನಿನಲ್ಲಿ ಆಯಿಲಿನ ಒತ್ತಡದಿಂದ ನಡೆಯುವುದರಿಂದ, ಆಯಿಲು ಬದಲಾಯಿಸದೆ ಓಡಿಸಿದ ಗಾಡಿಯಲ್ಲಿ ಬೇಗ ಸೋಲುತ್ತದೆ. ಕೊನೆಗೆ ಚೈನು ಹಲ್ಲು ಹಾರಿತೆಂದರೆ ತಟ್ಟೆ ಬರುವ ಮೊದಲೇ ಸಾಂಬಾರು ಸುರಿದಂತೆ. ವಾಲ್ವು ತೆರೆಯುವ ವೇಳೆ ತಪ್ಪುತ್ತದೆ, ಹಲವು ಎಂಜಿನುಗಳಲ್ಲಿ ಪಿಸ್ಟನು ಬಡಿದು ವಾಲ್ವೇ ಬಾಗುತ್ತದೆ. ಇಷ್ಟು ತಿಳಿಯಲು ಕಾಲೇಜು ಬೇಡ.

ಕಲಿಸಿದವರು ಯಾರು ಬಲ್ಲಿರಾ? ಪರಳಿನ ಗಿರಣಿಯೊಂದರಲ್ಲಿ ಫಿಟ್ಟರಾಗಿದ್ದ ನಮ್ಮ ಹಿರಿಯರೊಬ್ಬರು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಹೊರಬಂದರಲ್ಲ, ಅವರಲ್ಲಿ ಇವರೂ ಒಬ್ಬರು. ಚೈನು, ಹಲ್ಲುಚಕ್ರ, ಬೇರಿಂಗು ಬಲ್ಲ ಆ ಕೈಗೆ ಬಳಿಕ ಈ ಪಟ್ಟಣ ಕೊಟ್ಟದ್ದು ವಾಚ್‌ಮನ್ನನ ಲಾಠಿ.

ಎರಡು ಭಾನುವಾರ ಹಿಡಿಯಿತು. ಕುರ್ಲಾದ ಅಂಗಡಿಯಿಂದ ಚೈನು, ಎರಡು ಚಕ್ರ, ಗೈಡು, ಟೆನ್ಷನರು ಎಲ್ಲವನ್ನೂ ಒಟ್ಟಿಗೆ ತಂದರು. ಹಳೆಯ ಚಕ್ರದ ಮೇಲೆ ಹೊಸ ಚೈನು ಹಾಕಿದರೆ ಅದೂ ಬೇಗ ಕೆಡುತ್ತದೆ. ಬ್ಯಾಟರಿ ಕಳಚಿ, ನೀರು ಆಯಿಲು ಇಳಿಸಿ, ಒಂದನೆಯ ಪಿಸ್ಟನನ್ನು ತುದಿಗೆ ತಂದು ನಿಲ್ಲಿಸಿದರು. ಕ್ರ್ಯಾಂಕಿನ ದೊಡ್ಡ ಬೋಲ್ಟೊಂದೇ ಅರ್ಧ ದಿನ ತಿಂದಿತು. ಗುರುತಿಗೆ ಗುರುತು ಕೂಡಿಸಿ ಚೈನು ಕೂರಿಸಿದ ಮೇಲೆ ಒಬ್ಬನು ಉತ್ಸಾಹದಿಂದ ಕೀಲಿ ತಿರುಗಿಸಲು ಹೊರಟ. ಹಿರಿಯರು ಕೈ ಹಿಡಿದರು. "ಮೊದಲು ಪಾನಾ ಹಾಕಿ ಎರಡು ಸುತ್ತು ಕೈಯಲ್ಲೇ ತಿರುಗಿಸು." ತಿರುಗಿಸಿ ನೋಡಿದರೆ ಕ್ಯಾಮಿನ ಚಕ್ರ ಒಂದು ಹಲ್ಲು ಹಿಂದೆ! ಚೈನಿನ ಬಣ್ಣದ ಕೊಂಡಿಗಳು ಎರಡೇ ಸುತ್ತಿಗೆ ಮತ್ತೆ ಸಾಲಿಗೆ ಬರುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ. ಚಕ್ರದ ಗುರುತು ಮಾತ್ರ ಬರಲೇಬೇಕು. ಮತ್ತೆ ಬಿಚ್ಚಿ ಸರಿಪಡಿಸಿದರು. ಪಾನಾ ಇದ್ದರೆ ಸಾಕು ಎಲ್ಲ ಆದೀತು ಎನ್ನುವ ಜಂಭಗಾರರಿಗೂ ಈ ಒಂದು ಹಲ್ಲು ನೆನಪಿರಲಿ.

ಕಂಪೆನಿಯವರಿಗಷ್ಟೇ ಬರುವ ವಿದ್ಯೆ ಇದು ಎನ್ನುವವರು ಗಲ್ಫಿಗೆ ಹೋಗಿ ಬಂದ ನಮ್ಮ ಡ್ರೈವರುಗಳನ್ನು ಕೇಳಲಿ. ಹಳೆಯ ಟೊಯೊಟಾ ಹೈಲಕ್ಸ್ ಟ್ರಕ್ಕಿನ 22ಆರ್ ಎಂಜಿನಿನಲ್ಲಿ 1983ರ ಸುಮಾರಿಗೆ ಕಂಪೆನಿಯೇ ಎರಡು ಸಾಲಿನ ಚೈನು ಬಿಟ್ಟು ಒಂದು ಸಾಲಿನದು ಹಾಕಿ, ಪ್ಲಾಸ್ಟಿಕ್ಕಿನ ಗೈಡು ಕೊಟ್ಟಿತು. ಗೈಡು ಮುರಿದರೆ ಚೈನು ಮುಂದಿನ ಕವರನ್ನೇ ಉಜ್ಜಿ ತೂತು ಮಾಡಿ, ಆಯಿಲಿಗೆ ನೀರು ಸೇರುತ್ತದೆ. ಅದನ್ನು ತಮ್ಮ ಮನೆಯ ಶೆಡ್ಡಿನಲ್ಲೇ ಬಿಚ್ಚಿ ಉಕ್ಕಿನ ಬೆನ್ನಿನ ಗೈಡು ಹಾಕಿಕೊಂಡವರಿಗೆ ಲೆಕ್ಕವಿಲ್ಲ. ಅಲ್ಲಿಯವರು ಮಾಡಿದರೆ ಜಾಣತನ, ನಾವು ಮಾಡಿದರೆ ನಗೆಪಾಟಲೇ?

ಸಾಮಾನು ಬಚ್ಚಿಡುವುದು ನಮ್ಮ ಕಲ್ಪನೆಯಲ್ಲ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪೆನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಹೊರಗಿನ ಮಿಸ್ತ್ರಿಗಳಿಗೆ ಸಿಗದಂತೆ ಮಾಡಿದುದೇ ಅಪರಾಧ. ಕಂಪೆನಿಗಳು ಮೇಲ್ಮನವಿಗೆ ಓಡಿದವು. ಅವರಿಗೆ ವಕೀಲರುಂಟು.

ಇನ್ನೊಂದು ತಮಾಷೆ. ಚೈನಿನ ಸುದ್ದಿ ಕೇಳಿದ ಹೋಟೆಲ್ ಧನಿಗಳೊಬ್ಬರು ಮೊದಲು ನಕ್ಕರು. ವಾರದೊಳಗೆ ತಮ್ಮ ಹುಡುಗರನ್ನೇ ಕರೆದು, "ನಮ್ಮ ಟೆಂಪೋವಿನದೂ ರಾತ್ರಿ ಪಾಳಿ ಮುಗಿದ ಮೇಲೆ ಹಾಕಿಬಿಡಿ, ಊಟ ಕೊಡಿಸುತ್ತೇನೆ" ಎಂದರಂತೆ. ಧನಿಗಳೇ, ನಿನ್ನೆಯವರೆಗೆ ಸಲ್ಲದ ಕೈ ಇಂದು ಬಿಟ್ಟಿಗೆ ಸಲ್ಲುತ್ತದೆಯೇ? ವರ್ಕ್‌ಶಾಪಿನ ದರದಲ್ಲಿ ಮಜೂರಿ ಇಡಿರಿ, ಹಗಲು ಹೊತ್ತು ಕೊಡಿರಿ, ಆಮೇಲೆ ಮಾತಾಡೋಣ. ಹುಡುಗರು ಒಪ್ಪಲಿಲ್ಲ, ಒಪ್ಪದ್ದಕ್ಕೆ ಯಾರನ್ನಾದರೂ ಕೆಲಸದಿಂದ ತೆಗೆದರೆ ಸಂಘ ಸುಮ್ಮನೆ ಕೂರುವುದಿಲ್ಲ.

ಪಾನಾಗಳ ಪೆಟ್ಟಿಗೆಯೂ, ಪುಲ್ಲಿ ತಿರುಗದಂತೆ ಹಿಡಿಯಲು ಹಿರಿಯರು ಪಟ್ಟಿ ಕಬ್ಬಿಣ ಬಾಗಿಸಿ ಮಾಡಿದ ಹಿಡಿಯೂ ಈಗ ಸಂಘದ ಕೋಣೆಯಲ್ಲಿವೆ. ಸಹಿ ಹಾಕಿ ಒಯ್ಯಬಹುದು, ಒರೆಸಿ ತರಬೇಕು. ಭಾನುವಾರ ಬೆಳಿಗ್ಗೆ ಹಿರಿಯರು ಇರುತ್ತಾರೆ. ಅವರಿಗೆ ಸಕ್ಕರೆ ಇಲ್ಲದ ಚಹ.