ತುಂಡು ಮಾಂಸದ ಸಾಕ್ಷಿ

ಕಡಲ ಪ್ರಾಣಿಯನ್ನು ಕೊಯ್ದು ತುಂಡುಮಾಡಿದ ಮೇಲೆ ಅದು ಯಾವುದೆಂದು ಹೇಳತಕ್ಕವನು ಮಾರುವವನೊಬ್ಬನೇ. ಕೊಳ್ಳುವವನು ಅವನ ಮಾತನ್ನು ನಂಬಬೇಕು, ಕಾನೂನೂ ನಂಬಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಾವೆಲ್ಲರೂ ಬಲ್ಲೆವು. ಆದರೆ ಪರೀಕ್ಷಿಸುವ ಬಗೆ ಹೇಗೆ? ಅದನ್ನು ವಂಶವಾಹಿ ವಿಜ್ಞಾನವು ತೋರಿಸಿಕೊಟ್ಟಿದೆ.

ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ವ್ಯಾಪಾರಕ್ಕಾಗಿ ತಿಮಿಂಗಿಲಗಳನ್ನು ಬೇಟೆಯಾಡುವುದಕ್ಕೆ 1986ರಲ್ಲಿ ತಡೆಯನ್ನು ಜಾರಿಗೆ ತಂದಿತು. ಆದರೂ ಸಂಶೋಧನೆಯ ಹೆಸರಿನಲ್ಲಿ ಕೊಂದ ಮಿಂಕ್ ತಿಮಿಂಗಿಲಗಳ ಮಾಂಸವನ್ನು ಜಪಾನಿನಲ್ಲಿ ಮಾರಲು ಅವಕಾಶವಿತ್ತು. 1993ರಲ್ಲಿ ಸ್ಕಾಟ್ ಬೇಕರ್ ಮತ್ತು ಸ್ಟೀಫನ್ ಪಲುಂಬಿ ಎಂಬ ವಿಜ್ಞಾನಿಗಳು ಅಲ್ಲಿನ ಅಂಗಡಿಗಳ ಮಾಂಸದ ಪರೀಕ್ಷೆಗೆ ತೊಡಗಿದರು. ಪರವಾನಗಿಯಿಲ್ಲದೆ ಆ ಮಾಂಸವನ್ನು ದೇಶದ ಹೊರಗೆ ಒಯ್ಯುವಂತಿರಲಿಲ್ಲ. ಆದುದರಿಂದ ಹೋಟೆಲಿನ ಕೋಣೆಯೇ ಪ್ರಯೋಗಶಾಲೆಯಾಯಿತು. ಮಾಂಸದಲ್ಲಿದ್ದ ಡಿ.ಎನ್.ಎ.ಯ ಒಂದು ಭಾಗಕ್ಕೆ ಅಸಂಖ್ಯಾತ ನಕಲುಗಳನ್ನು ತೆಗೆದು, ಆ ನಕಲುಗಳನ್ನು ಮಾತ್ರ ಹೊರಗೆ ಒಯ್ದು, ಗೊತ್ತಿರುವ ಜಾತಿಗಳ ಡಿ.ಎನ್.ಎ.ಯೊಡನೆ ಹೋಲಿಸಿದರು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ತಿಮಿಂಗಿಲವೆಂದು ಮಾರಿದ ಮಾಂಸದಲ್ಲಿ ಮಿಂಕ್ ಅಲ್ಲದೆ ಸಂರಕ್ಷಿತವಾದ ಫಿನ್ ಮತ್ತು ಹಂಪ್‌ಬ್ಯಾಕ್ ತಿಮಿಂಗಿಲಗಳೂ ಡಾಲ್ಫಿನ್ನುಗಳೂ ಇದ್ದುವು!

"ಅದು ಹಳೆಯ ದಾಸ್ತಾನು ಇರಬಹುದಲ್ಲ?" ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಡಿ.ಎನ್.ಎ. ಪ್ರಾಣಿ ಯಾವುದೆಂದು ಹೇಳುತ್ತದೆ. ಅದನ್ನು ಯಾವಾಗ, ಯಾವ ಹಕ್ಕಿನಿಂದ ಕೊಂದರೆಂದು ಹೇಳದು. ಆದುದರಿಂದಲೇ ನನ್ನ ಅಭಿಪ್ರಾಯವಿಷ್ಟು: ಕಾನೂನಿನಂತೆ ಹಿಡಿದ ಪ್ರತಿಯೊಂದು ತಿಮಿಂಗಿಲದ ಡಿ.ಎನ್.ಎ.ಯನ್ನೂ ದಾಖಲೆ ಮಾಡಿಡಬೇಕು. ಆ ದಾಖಲೆಯು ಹೊರಗಿನ ಪರೀಕ್ಷಕರಿಗೆ ತೆರೆದಿರಬೇಕು. ಆಗ ದಾಖಲೆಗೆ ತಾಳೆಯಾಗದ ತುಂಡು ಎಲ್ಲಿಂದ ಬಂತೆಂಬುದಕ್ಕೆ ಮಾರುವವನೇ ಉತ್ತರ ಕೊಡಬೇಕಾಗುತ್ತದೆ.

ಇದು ಆಗದ ಮಾತಲ್ಲ. ನೀಲಿ ಮತ್ತು ಫಿನ್ ತಿಮಿಂಗಿಲಗಳ ಮಿಶ್ರ ಸಂತಾನವೊಂದನ್ನು 1989ರಲ್ಲಿ ಐಸ್‌ಲೆಂಡಿನ ಬಳಿ ಕೊಂದಿದ್ದರು. 1993ರಲ್ಲಿ ಜಪಾನಿನಲ್ಲಿ ಕೊಂಡ ಮಾಂಸದ ತುಂಡೊಂದು ಅದೇ ಪ್ರಾಣಿಯದೆಂದು ಡಿ.ಎನ್.ಎ. ಹೋಲಿಕೆಯಿಂದ ಗೊತ್ತಾಯಿತು. ಜಾತಿಯನ್ನಷ್ಟೇ ಅಲ್ಲ, ಆ ಒಂದು ಪ್ರಾಣಿಯನ್ನೇ ಗುರುತಿಸಬಹುದೆಂದಾಯಿತು. ನಾರ್ವೆಯು ತಾನು ಹಿಡಿದ ಮಿಂಕ್ ತಿಮಿಂಗಿಲಗಳ ಇಂತಹ ದಾಖಲೆಯನ್ನು ಇಟ್ಟಿದೆ.

2019ರಲ್ಲಿ ಜಪಾನು ಆಯೋಗದಿಂದ ಹೊರಬಂದು ವ್ಯಾಪಾರದ ಬೇಟೆಯನ್ನು ಮತ್ತೆ ಆರಂಭಿಸಿತು. ನ್ಯಾಯದ ಮಾಲು ಹೆಚ್ಚಿದಷ್ಟೂ ಕಳ್ಳಮಾಲು ಅದರ ಮರೆಯಲ್ಲಿ ಅಡಗುವುದು ಸುಲಭ. ವಿಜ್ಞಾನವು ಗಟ್ಟಿಯಾದ ಬೀಗವನ್ನೇನೋ ಮಾಡಿಕೊಟ್ಟಿದೆ. ಕೀಲಿಕೈಯನ್ನು ಮಾರುವವನ ಕೈಗೇ ಕೊಟ್ಟು ಕುಳಿತರೆ ಆ ಬೀಗದಿಂದ ಫಲವೇನು?